ಮರ್ಫಿಗಾಗಿ ಸೌಟು ಹಿಡಿದ ರಝಿಯಾ

ಮೈಸೂರಿನ ಮಂಡಿ ಮೊಹಲ್ಲಾ ಬಿಟ್ಟು ಸ್ಯಾನ್ ಡಿಯೇಗೋದ ಮೀರಾ ಮೇಸಾಕ್ಕೆ ಬಂದು ಇಪ್ಪತ್ತೆರಡು ವರ್ಷವಾದರೂ ರಝಿಯಾ ಕೈಬಿಡದ ಸಾಮಾನು ಒಂದೇ ಒಂದು, ಅಮ್ಮ ಕೊಟ್ಟ ಮರದ ಸೌಟು. ಮೊಳದುದ್ದ ಹಿಡಿ, ಅಂಗೈಯಗಲ ಬಾಯಿ. ಈ ಕಡೆಯ ಕನ್ನಡದವರ ಮನೆಗಳಲ್ಲಿ ಮದುವೆಯಿರಲಿ, ಮಕ್ಕಳ ಗ್ರಾಜುಯೇಶನ್ ಇರಲಿ, ಬಿರಿಯಾನಿಯ ಆರ್ಡರ್ ಅವಳಿಗೇ. ಹಂಡೆಗೆ ಆ ಸೌಟು ಇಳಿದರೇ ಅವಳಿಗೆ ಸಮಾಧಾನ. ಮಗ ಮಾಝ್‌ನ ಬೆನ್ನಿಗೂ ಅದರ ಪರಿಚಯ ಚೆನ್ನಾಗಿಯೇ ಇತ್ತು ಅನ್ನಿ. ಅದನ್ನೇನು ಅವಳು ಮುಚ್ಚಿಡುತ್ತಿರಲಿಲ್ಲ. "ಈ ಸೌಟು ಇಲ್ದೇ ಹೋಗಿದ್ರೆ ಇವ್ನು ಪಸಡೀನಾದ ಅಷ್ಟು ದೊಡ್ಡ ಕಾಲೇಜಲ್ಲಿ ಓದ್ತಾ ಇರ್ತಿದ್ನಾ?" ಎಂದು ಬಂದವರೆದುರು ನಗುತ್ತಿದ್ದಳು. ಮಾಝ್ ಕೂಡ ನಗುತ್ತಿದ್ದ. ಅವನಿಗೀಗ ಇಪ್ಪತ್ತು ವರ್ಷ, ಆರಡಿ ಆಳು. ತಿಂಗಳಿಗೊಮ್ಮೆ ಕಾರು ಹತ್ತಿ ಬಂದವನ ತಲೆ ಸವರಲು ತಾಯಿ ಕೈಯೆತ್ತಿದರೆ ಗಕ್ಕನೆ ತಲೆ ಬಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದ. ಅಮೆರಿಕದ ಹುಡುಗರಿಗೆ ಕೂದಲು ಕೆಟ್ಟರೆ ಪ್ರಾಣ ಹೋದಂತೆ ಎಂದು ರಝಿಯಾ ಅದಕ್ಕೊಂದು ಕಾರಣ ಹುಡುಕಿಕೊಂಡಿದ್ದಳು.

ಇಂಥವಳ ಗ್ಯಾರೇಜಿಗೆ ಒಂದು ನಾಯಿ ಬಂದು ಸೇರಿತಲ್ಲ, ಅದು ಪಕ್ಕದ ಮನೆಯ ಎವ್ಲಿನ್ ಆಂಟಿಯದು.

ಎವ್ಲಿನ್ ಎಪ್ಪತ್ತೆಂಟರ ಒಂಟಿ ಮುದುಕಿ. ಎರಡು ಸಾವಿರದ ಒಂದರ ಸೆಪ್ಟೆಂಬರಿನಲ್ಲಿ, ಅವಳಿ ಗೋಪುರ ಉರುಳಿದ ಮೇಲೆ, ರಝಿಯಾಳ ಗಂಡ ನೂರುಲ್ಲಾನ ಹೆಸರು ಕೇಳಿದರೇ ಬೀದಿಯವರು ಮುಖ ತಿರುಗಿಸುತ್ತಿದ್ದ ದಿನಗಳಲ್ಲಿ, ಈಕೆ ಮಡಚುವ ಕುರ್ಚಿಯೊಂದನ್ನು ತಂದು ಇವರ ಬಾಗಿಲ ಮುಂದೆ ಹಾಕಿಕೊಂಡು ಎಂಟು ದಿನ ಉಣ್ಣೆ ಹೆಣೆಯುತ್ತಾ ಕೂತಿದ್ದರು. "ಯಾರು ಬರ್ತಾರೋ ಬರಲಿ, ನಾನು ನೋಡ್ಕೋತೀನಿ" ಎಂದಿದ್ದರು. ಹೆತ್ತ ತಾಯಿಯೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ ಎಂದು ರಝಿಯಾ ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾಳೆ.

ಎರಡು ಸಾವಿರದ ನಾಲ್ಕರ ಮಾರ್ಚಿನಲ್ಲಿ ಎವ್ಲಿನ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಂಬುಲೆನ್ಸಿನವನು ಎತ್ತಲು ಕೈ ಚಾಚಿದ್ದೇ ತಡ, ಅವರ ಕಂದು ನಾಯಿ ಅವನ ಮಣಿಕಟ್ಟಿಗೆ ಬಾಯಿ ಹಾಕಿತು. ಪ್ರಾಣಿ ಇಲಾಖೆಯವರು ಹಿಡಿದೊಯ್ದು ಹತ್ತು ದಿನ ಕೂಡಿಹಾಕಿ ಒಂದು ಮಾತು ಹೇಳಿದರು: ಎಂಟು ವಾರ ಟೈಮ್. ಅಷ್ಟರಲ್ಲಿ ಅಪರಿಚಿತನೊಬ್ಬ ಇದರ ಕುತ್ತಿಗೆ ಪಟ್ಟಿ ಹಿಡಿದಾಗ ಸುಮ್ಮನಿದ್ದರೆ ಬದುಕು, ಕಚ್ಚಲು ಹೋದರೆ ಸೂಜಿ ಚುಚ್ಚಿ ಮುಗಿಸುತ್ತೇವೆ. ಅಲ್ಲಿಯವರೆಗೆ ಯಾರು ನೋಡಿಕೊಳ್ಳುತ್ತೀರಿ? ಆಸ್ಪತ್ರೆಯ ಮಂಚದ ಮೇಲಿಂದ ಎವ್ಲಿನ್ ರಝಿಯಾಳ ಕೈ ಹಿಡಿದುಕೊಂಡರು. "ನನಗೆ ಅವನೊಬ್ಬನೇ ಇರೋದು" ಎಂದರು.

"ಹೂಂ ಅಂದುಬಿಟ್ಟೆ ಕಣ್ರೀ" ಎಂದು ರಝಿಯಾ ಮನೆಗೆ ಬಂದು ತಲೆಮೇಲೆ ಕೈಹೊತ್ತು ಕೂತಳು. ನಮಾಜು ಮಾಡುವ ಮನೆ. ನಾಯಿಯ ಜೊಲ್ಲು ತಾಗಿದರೆ ಬಟ್ಟೆ ಬದಲಿಸಬೇಕು, ಕೈ ಮತ್ತೆ ಮತ್ತೆ ತೊಳೆಯಬೇಕು. ಟೊರ್ರಿ ಪೈನ್ಸ್‌ನ ಲ್ಯಾಬಿನಲ್ಲಿ ಟೆಕ್ನಿಶಿಯನ್ ಆಗಿದ್ದ ನೂರುಲ್ಲಾ ಮಿತಭಾಷಿ. ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡು, "ಅಮಾನತ್ ಅಂತ ಒಪ್ಕೊಂಡ್ಮೇಲೆ ಹಿಂದೆ ಸರಿಯೋ ಹಾಗಿಲ್ಲ. ಗ್ಯಾರೇಜಿನಲ್ಲಿ ಇರ್ಲಿ" ಎಂದ. ನಂಬಿ ಒಪ್ಪಿಸಿದ್ದನ್ನು ಹಾಗೆಯೇ ವಾಪಸು ಕೊಡಬೇಕು, ಅಷ್ಟೇ. ನಾಯಿಯ ಹೆಸರು ಮರ್ಫಿ. ಮಂಡಿ ಮೊಹಲ್ಲಾದ ಮನೆಯ ಹಜಾರದಲ್ಲಿದ್ದ ಅದೇ ಹೆಸರಿನ ರೇಡಿಯೋ ನೆನಪಾಗಿ ಅಂಥ ಸಂಕಟದಲ್ಲೂ ಅವಳಿಗೆ ನಗು ಬಂತು.

ನಗು ಬಹಳ ದಿನ ಉಳಿಯಲಿಲ್ಲ. ಮರ್ಫಿ ಹತ್ತಿರ ಹೋದರೆ ಗುರ್ ಎನ್ನುತ್ತಿತ್ತು, ಕೈ ಚಾಚಿದರೆ ಹಲ್ಲು ತೋರಿಸುತ್ತಿತ್ತು. ನೂರುಲ್ಲಾನ ಲ್ಯಾಬಿನವರೊಬ್ಬರು ಹೇಳಿ ಕಳಿಸಿದರೆಂದು ನಾಯಿಗಳಿಗೆ ತರಬೇತಿ ಕೊಡುವ ಮಾರಿಸೋಲ್ ಎಂಬ ಹುಡುಗಿ ಬಂದಳು. ಮೊಣಕಾಲಿಗೆ ಮಣ್ಣು ಮೆತ್ತಿದ ಜೀನ್ಸ್, ಸೊಂಟದಲ್ಲಿ ಕೋಳಿಮಾಂಸದ ಚೂರು ತುಂಬಿದ ಚೀಲ. ಅವಳ ಪಾಠ ಕೇಳಿ ರಝಿಯಾಗೆ ತಲೆಬುಡ ಅರ್ಥವಾಗಲಿಲ್ಲ.

"ಗುರ್ ಅಂದ್ರೆ ಬಯ್ಯಬೇಡಿ. ಒಂದು ಹೆಜ್ಜೆ ಹಿಂದೆ ಸರೀರಿ. ಭಯ ಆಗ್ತಿದೆ ಅಂತ ಅವನು ಬಾಯಿಬಿಟ್ಟು ಹೇಳ್ತಿದಾನೆ, ಅದು ಒಳ್ಳೇದೇ."

"ಗುರ್ ಅನ್ನೋದು ಒಳ್ಳೇದಾ?"

"ಹೂಂ. ಗುರ್ ಅನ್ನೋದು ನಿಲ್ಲಿಸಿಬಿಟ್ರೆ ಹೇಳದೇನೇ ಕಚ್ತಾನೆ. ಇನ್ನೊಂದು, ದೂರದಲ್ಲಿ ಮನುಷ್ಯ ಕಂಡ ತಕ್ಷಣ ತಿಂಡಿ ಕೊಡಿ."

"ಏನೂ ಮಾಡದೇ ಇದ್ದಾಗ್ಲೂ?"

"ಏನೂ ಮಾಡದೇ ಇದ್ದದ್ದಕ್ಕೇ!"

ಅಯ್ಯೋ ಅಲ್ಲಾ! ಮಾಝ್ ನೂರಕ್ಕೆ ತೊಂಬತ್ತೆಂಟು ತಂದಾಗ ಉಳಿದೆರಡು ಎಲ್ಲಿ ಹೋಯಿತು ಎಂದು ಕೇಳಿದವಳು ಈಕೆ. ಸುಮ್ಮನೆ ಕೂತದ್ದಕ್ಕೆ ಬಹುಮಾನ ಕೊಡಬೇಕಂತೆ! ಇದು ಶಿಸ್ತೋ, ಮುದ್ದು ಮಾಡಿ ಹಾಳು ಮಾಡುವುದೋ ಎಂದು ರಾತ್ರಿ ಗಂಡನನ್ನು ಕೇಳಿದರೆ, "ಆ ಹುಡುಗಿ ಓದ್ಕೊಂಡಿದಾಳೆ" ಎಂದು ಮಗ್ಗುಲಾದ.

ಜೊಲ್ಲಿನ ಸಮಸ್ಯೆಗೆ ಮಾತ್ರ ರಝಿಯಾ ತಾನೇ ದಾರಿ ಕಂಡುಕೊಂಡಳು. ಹಲಾಲ್ ಕೋಳಿ ಬೇಯಿಸಿ, ಚೂರು ಮಾಡಿ, ಅಮ್ಮನ ಸೌಟಿನ ತುದಿಯಲ್ಲಿಟ್ಟು ನೆಲದ ಹತ್ತಿರ ಚಾಚಿದಳು. ಬಿರಿಯಾನಿಗೆ ಅಂಗಡಿಯಿಂದ ಬೇರೆ ಸೌಟು ಬಂತು. ಮಾರಿಸೋಲ್ ಬೈಯುತ್ತಾಳೇನೋ ಎಂದು ಹೆದರಿದರೆ ಅವಳು ಚಪ್ಪಾಳೆ ತಟ್ಟಿದಳು. ಕೈಗೆ ಹೆದರುವ ನಾಯಿಗೆ ಕೈ ದೂರವಿದ್ದಷ್ಟೂ ಒಳ್ಳೆಯದಂತೆ. ಸರಿಯಾಗಿ ನಡೆದುಕೊಂಡ ಕ್ಷಣಕ್ಕೆ ಒಂದು ಚಿಕ್ಕ ಮಾತು ಹೇಳಿ ಎಂದಳು. ರಝಿಯಾ "ಭೇಷ್" ಎಂದಳು. ಭೇಷ್ ಎಂದ ಮೇಲೆ ಕೋಳಿ. ನಾಲ್ಕು ವಾರದಲ್ಲಿ ಆ ಮಾತು ಕಿವಿಗೆ ಬಿದ್ದರೆ ಸಾಕು, ಮರ್ಫಿಯ ಬಾಲ ನೆಲಕ್ಕೆ ಬಡಿಯತೊಡಗಿತು.

ಆ ತಿಂಗಳು ಬಂದ ಮಾಝ್ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡಿ ಇಂಗ್ಲಿಷಿನಲ್ಲೇ ಅಂದ, "ಅಮ್ಮೀ, ನಂಗೆ ಇಡೀ ಜೀವಮಾನದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಭೇಷ್ ಅದಕ್ಕೆ ಹತ್ತೇ ನಿಮಿಷದಲ್ಲಿ ಹೇಳಿದ್ರಿ."

"ಹೋಗೋ, ನೀನೇನು ನಾಯಿನಾ?" ಎಂದು ರಝಿಯಾ ಗದರಿದಳು. ಅವನು ನಕ್ಕು ಒಳಗೆ ಹೋದ.

ಐದನೇ ವಾರ ಎಲ್ಲ ಕೆಟ್ಟಿತು. ಕೆಲಸದಿಂದ ಬಂದ ನೂರುಲ್ಲಾ ಮರೆತು ಗ್ಯಾರೇಜಿನ ಕಡೆಯಿಂದಲೇ ಒಳಗೆ ನುಗ್ಗಿದ. ಮರ್ಫಿ ಹಲ್ಲು ಬಿಟ್ಟು ಗುರ್ ಎಂದು ಮುಂದೆ ಹಾರಿತು. ರಝಿಯಾ ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕೈಯಲ್ಲಿದ್ದ ಸೌಟು ಮೇಲೆದ್ದಿತ್ತು, ಬಾಯಲ್ಲಿ "ಏಯ್!" ಬಂದಿತ್ತು. ಹೊಡೆಯಲಿಲ್ಲ, ದೇವರಾಣೆ ಹೊಡೆಯಲಿಲ್ಲ. ಆದರೂ ನಾಯಿ ಕುಂಯ್ ಎಂದು ಬೆಂಚಿನ ಕೆಳಗೆ ತೂರಿಕೊಂಡಿತು. ಎರಡು ದಿನ ಅನ್ನ ನೀರು ಮುಟ್ಟಲಿಲ್ಲ. ಪರೀಕ್ಷೆಗೆ ಇನ್ನು ಮೂರೇ ವಾರ.

ಮಾರಿಸೋಲ್ ನೆಲದ ಮೇಲೆ ಕೂತು ಬೆಂಚಿನ ಕೆಳಗೆ ಬಗ್ಗಿ ನೋಡಿದಳು. "ಇದು ನಿಮ್ಮಿಂದ ಬಂದ ಭಯ ಅಲ್ಲ, ಹಳೇದು. ಯಾರೋ ಕೈಯಲ್ಲಿ ಏನೋ ಹಿಡಿದು ಹೊಡೆದಿದಾರೆ. ಸುಮಾರು ವರ್ಷ."

"ಮರಿಯಾಗಿದ್ದಾಗಿನಿಂದ ಇದು ಎವ್ಲಿನ್ ಆಂಟಿ ಹತ್ರಾನೇ ಇರೋದು. ಅವರು ಸೊಳ್ಳೆಗೂ ಹೊಡೆದವರಲ್ಲ."

ಮಾರಿಸೋಲ್ ಸೊಂಟದ ಚೀಲದ ಬಾಯಿ ಕಟ್ಟಿಕೊಂಡು ಎದ್ದಳು. ಅವಳು ಏನಾದರೂ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ರಝಿಯಾಗೆ ಸಿಟ್ಟು ಬಂತು. ಎಂಟು ದಿನ ತನ್ನ ಬಾಗಿಲು ಕಾದ ಕೈ ಅದು. ಆ ಕೈಯೇ? ಛೆ, ಇರಲಾರದು. ಪೇಪರ್ ಹಾಕುವವನಿರಬಹುದು, ಹುಲ್ಲು ಕತ್ತರಿಸುವವನಿರಬಹುದು. ಬಿರಿಯಾನಿಗೆ ಎರಡು ಸಲ ಉಪ್ಪು ಹಾಕಿದಳು, ಅಷ್ಟು ತಲೆ ಕೆಟ್ಟಿತ್ತು.

ಮತ್ತೆ ಮೊದಲಿಂದ ಶುರು. ಸೌಟು ನೆಲದ ಮೇಲೆ, ಅಂಗೈ ಮೇಲುಮುಖ, ಮೊಣಕಾಲಿಗಿಂತ ಕೆಳಗೆ. ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕಾಯುವುದು. ನಾಯಿ ತಾನಾಗಿ ಬರಬೇಕು, ಬರದಿದ್ದರೆ ಬೇಡ. ನಲವತ್ತೇಳು ವರ್ಷದಲ್ಲಿ ರಝಿಯಾ ಯಾರಿಗೂ ಹಾಗೆ ಕಾದವಳಲ್ಲ. ನಾಲ್ಕನೇ ದಿನ ಅಂಗೈಗೆ ಒದ್ದೆ ಮೂಗು ತಾಗಿತು. ಅವಳು ಕೈ ತೊಳೆಯಲು ಏಳಲಿಲ್ಲ. ಕೂತಲ್ಲೇ ಅತ್ತಳು, ಯಾಕೆಂದು ಅವಳಿಗೂ ಗೊತ್ತಾಗಲಿಲ್ಲ.

ಪರೀಕ್ಷೆಯ ದಿನ ಮಾಝ್ ರಜಾ ಹಾಕಿ ಬಂದಿದ್ದ. ನರ್ಸಿಂಗ್ ಹೋಮಿನ ವ್ಯಾನು ಎವ್ಲಿನ್‌ರನ್ನು ವೀಲ್‌ಚೇರ್ ಸಮೇತ ರಝಿಯಾಳ ಹಿತ್ತಲಿಗೆ ತಂದಿಳಿಸಿತು. ಪ್ರಾಣಿ ಇಲಾಖೆಯ ಎತ್ತರದ ಅಧಿಕಾರಿ ನೇರವಾಗಿ ಮರ್ಫಿಯ ಬಳಿ ಹೋಗಿ ಕುತ್ತಿಗೆ ಪಟ್ಟಿಗೆ ಕೈ ಹಾಕಿದ. ಮರ್ಫಿ ಸೆಟೆದುಕೊಂಡಿತು. ಗಂಟಲಲ್ಲಿ ಸಣ್ಣಗೆ ಏನೋ ಹೊರಳಿತು. ಆಮೇಲೆ ಕಣ್ಣು ತಿರುಗಿಸಿ ರಝಿಯಾಳನ್ನು ನೋಡಿತು.

"ಭೇಷ್" ಎಂದಳು. ಸೌಟು ಚಾಚಿದಳು. ಮರ್ಫಿ ಕೋಳಿ ತಿಂದಿತು. ಅಧಿಕಾರಿ ಪಟ್ಟಿ ಬಿಟ್ಟು ಕಾಗದಕ್ಕೆ ಸಹಿ ಹಾಕಿ ಎವ್ಲಿನ್‌ಗೆ ಕೊಟ್ಟು ಹೋದ. ಜೀವ ಉಳಿಯಿತು!

ಎವ್ಲಿನ್ ಸಂತೋಷದಿಂದ ಅಳುತ್ತಾ ಆ ಕಾಗದವನ್ನು ಸುತ್ತಿ ಹಿಡಿದು ಕೈಯೆತ್ತಿದರು. "ಬಾರೋ ನನ್ನ ಮುದ್ದು!"

ಮರ್ಫಿ ಸುತ್ತಿದ ಕಾಗದ ನೋಡಿತು. ಹೊಟ್ಟೆ ನೆಲಕ್ಕಂಟಿಸಿ ಬಿದ್ದುಕೊಂಡಿತು. ಸಿಮೆಂಟಿನ ಮೇಲೆ ಮೂತ್ರ ಹರಿಯಿತು.

ಎವ್ಲಿನ್‌ರ ಕೈ ನಿಧಾನವಾಗಿ ಮಡಿಲಿಗೆ ಇಳಿಯಿತು. "ಬರೀ ಪೇಪರು" ಎಂದರು ಸಣ್ಣ ದನಿಯಲ್ಲಿ. "ಸುತ್ತಿ ಒಂದೆರಡೇಟು. ನಮ್ಮಪ್ಪನೂ ಹಾಗೇ ಮಾಡ್ತಿದ್ರು. ಒಳ್ಳೇದಕ್ಕೇ ತಾನೇ? ಎಲ್ಲರೂ ಹಾಗೇ ಅಲ್ವಾ, ರಝಿಯಾ?"

ರಝಿಯಾಗೆ ಮೈಯೆಲ್ಲ ಉರಿಯಿತು. ಎಂಟು ವಾರ ನಾನು ನೆಲದ ಮೇಲೆ ಕೂತದ್ದು ಇದಕ್ಕಾ ಎಂದು ಕೂಗಬೇಕೆನಿಸಿತು. ಬಾಗಿಲ ಮುಂದಿನ ಮಡಚುವ ಕುರ್ಚಿ ನೆನಪಾಯಿತು. ಆ ಕುರ್ಚಿಯಲ್ಲಿ ಕೂತವರೂ ಈ ಪೇಪರು ಸುತ್ತಿದವರೂ ಒಬ್ಬರೇ ಹೇಗಾಗುತ್ತಾರೆ? ಉತ್ತರಕ್ಕೆಂದು ಬಾಯಿ ತೆರೆದಳು. ಎದುರಿಗೆ, ಅಡುಗೆಮನೆಯ ಬಾಗಿಲಲ್ಲಿ ಮಾಝ್ ನಿಂತಿದ್ದ. ಅವನು ನಾಯಿಯನ್ನೂ ನೋಡುತ್ತಿರಲಿಲ್ಲ, ಮುದುಕಿಯನ್ನೂ ನೋಡುತ್ತಿರಲಿಲ್ಲ. ತಾಯಿಯ ಕೈಯಲ್ಲಿದ್ದ ಸೌಟನ್ನು ನೋಡುತ್ತಿದ್ದ.

ರಝಿಯಾ ಹೋಗಿ ಎವ್ಲಿನ್‌ರ ಪಕ್ಕದಲ್ಲಿ ನೆಲಕ್ಕೆ ಕೂತಳು. ಕಾಗದ ತೆಗೆದು ಪಕ್ಕಕ್ಕಿಟ್ಟು ಸೌಟಿನ ಹಿಡಿಯನ್ನು ಅವರ ಬೆರಳಿಗೆ ಕೊಟ್ಟಳು. "ಕೈ ಕೆಳಗಿರಲಿ ಆಂಟಿ. ಮುಖ ಆ ಕಡೆ. ಕರೀಬೇಡಿ." ಬಹಳ ಹೊತ್ತಾಯಿತು. ವ್ಯಾನಿನವನು ಎರಡು ಸಲ ಗಡಿಯಾರ ನೋಡಿಕೊಂಡ. ಕೊನೆಗೆ ಮರ್ಫಿ ತೆವಳಿಕೊಂಡು ಬಂದು ಸೌಟಿನ ತುದಿ ನೆಕ್ಕಿತು. "ಏನು ಹೇಳಬೇಕು?" ಎಂದು ಎವ್ಲಿನ್ ಪಿಸುಗುಟ್ಟಿದರು. ರಝಿಯಾ ಹೇಳಿಕೊಟ್ಟಳು. ಆ ಅಮೆರಿಕದ ಮುದುಕಿಯ ಬಾಯಲ್ಲಿ ಭೇಷ್ ಎಂಬುದು ಏನೇನೋ ಆಯಿತು. ಆದರೂ ಬಾಲ ಒಮ್ಮೆ ಅಲ್ಲಾಡಿತು.

ಊಟ ಮುಗಿಸಿ ಮಾಝ್ ಹೊರಟು ನಿಂತ. ಅವನ ಕೂದಲಲ್ಲೊಂದು ಅನ್ನದ ಅಗುಳು ಸಿಕ್ಕಿಕೊಂಡಿತ್ತು. ತೆಗೆಯಲು ರಝಿಯಾ ಕೈಯೆತ್ತಿದಳು. ಅವನು ಗಕ್ಕನೆ ತಲೆ ಬಗ್ಗಿಸಿ ಪಕ್ಕಕ್ಕೆ ಸರಿದ.

ರಝಿಯಾಳ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವಳು ಅದನ್ನು ಕೆಳಗಿಳಿಸಿದಳು, ಅಂಗೈ ಮೇಲೆ ಮಾಡಿ, ಮುಖವನ್ನು ಬೀದಿಯ ಕಡೆಗೆ ತಿರುಗಿಸಿ.

"ಅಮ್ಮೀ, ನಾನು ಮರ್ಫಿ ಅಲ್ಲ" ಎಂದು ಮಾಝ್ ನಕ್ಕ. ನಗು ಅರ್ಧಕ್ಕೇ ನಿಂತಿತು. "ಮುಂದಿನ ತಿಂಗಳು ಬರ್ತೀನಿ" ಎಂದು ಕಾರು ಹತ್ತಿ ಇಂಜಿನ್ ಶುರು ಮಾಡಿದ. ಅವಳು ಹಾಗೇ ನಿಂತಿದ್ದಳು. ಮಾಫಿ ಕೇಳಬೇಕೋ, ಕೇಳಿದರೆ ಇವನು ಏನೆಂದುಕೊಳ್ಳುತ್ತಾನೋ, ಇಷ್ಟು ವರ್ಷ ನಕ್ಕದ್ದೆಲ್ಲ ಏನು, ಒಂದೂ ತಿಳಿಯಲಿಲ್ಲ.

ಇಂಜಿನ್ ಓಡುತ್ತಿದ್ದ ಹಾಗೆಯೇ ಕಾರಿನ ಬಾಗಿಲು ತೆರೆದುಕೊಂಡಿತು. ಮಾಝ್ ಇಳಿದು ಬಂದು ಎದುರು ನಿಂತ. "ತಲೆಯಲ್ಲಿ ಏನಿತ್ತು?" ಎಂದು ಕನ್ನಡದಲ್ಲಿ ಕೇಳಿ, ಆರಡಿಯ ಮೈ ಬಗ್ಗಿಸಿ, ತಲೆಯನ್ನು ಅವಳ ಕೈಗೆ ಕೊಟ್ಟ.

ಅಗುಳು ಆಗಲೇ ಎಲ್ಲೋ ಉದುರಿಹೋಗಿತ್ತು. "ಇರು, ಇಲ್ಲೇ ಎಲ್ಲೋ ಇದೆ" ಎಂದು ರಝಿಯಾ ಹುಡುಕುತ್ತಲೇ ಇದ್ದಳು.