ಅವರಿಕಾಳ ಮನೆತನದ ಬೋರ್ಡು

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಕಾಳುಕಡಿಯ ಅಂಗಡಿ ಇಟ್ಟಿದ್ದ ಅಜ್ಜಪ್ಪನಿಗೆ ಎಲ್ಲವೂ ಸರಿಯಿತ್ತು, ಅಡ್ಡಹೆಸರೊಂದು ಬಿಟ್ಟು. ಅವರಿಕಾಳ! ಅಜ್ಜನ ಕಾಲದಿಂದ ಅವರೆಕಾಳು ಮಾರಿದ ಮನೆತನ, ಊರು ಅದನ್ನೇ ಅಂಟಿಸಿಬಿಟ್ಟಿತು. ಸಾಲಿಯಲ್ಲಿ "ಏ ಅವರಿಕಾಳ, ಇನ್ನೂ ಬೆಂದಿಲ್ಲೇನೋ?" ಎಂದು ಕಾಡಿದವರು ಈಗ ಸಂತೆಯಲ್ಲೂ ಹಾಗೆಯೇ ಕಾಡುತ್ತಿದ್ದರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರಬೇಕು?

ಕನ್ನಡ ನಾಡು ಒಂದಾದ ವರ್ಷ ಅಂಗಡಿಗೆ ಹೊಸ ಬೋರ್ಡು ಬರೆಸುವುದೆಂದಾಯಿತು. ಆ ಹೆಸರು ಮಾತ್ರ ಸುತರಾಂ ಬೇಡ! ಅಜ್ಜಪ್ಪ ತನ್ನ ಅವ್ವ ಮುದುಕವ್ವನಿಗೆ ಸುಳಿವೂ ಕೊಡದೆ, ಅಡ್ಡಹೆಸರು ಬದಲಿಸಲು ಬಸ್ಸು ಹತ್ತಿ ರೋಣದ ವಕೀಲ ಪ್ರಭುಲಿಂಗಪ್ಪನವರ ಮನೆಗೆ ಹೋದ.

ಕಾಯ್ದೆಯ ಜೊತೆ ಒಂದಿಷ್ಟು ಲ್ಯಾಟಿನ್ನನ್ನೂ ಓದಿಕೊಂಡಿದ್ದ ವಕೀಲರು ಕೇಳಿ ಹೊಟ್ಟೆ ಹಿಡಿದು ನಕ್ಕರು. ಆ ಭಾಷೆಯಲ್ಲಿ ನಮ್ಮ ಅವರೆಯಂಥದೇ ಒಂದು ಕಾಳಿಗೆ ಫಾಬಾ ಅನ್ನುತ್ತಾರಂತೆ, ಅದು ಸ್ತ್ರೀಲಿಂಗವಂತೆ. ರೋಮಿನ ಒಂದು ದೊಡ್ಡ ಮನೆತನಕ್ಕೆ ಅದರಿಂದಲೇ ಹೆಸರು ಬಂತೆಂದು ಅಲ್ಲಿನ ಹಳಬರ ಮಾತು. ಆ ಮನೆಯ ಗಂಡಸು ಫಾಬಿಯುಸ್, ಹೆಂಗಸು ಫಾಬಿಯಾ, ಮನೆಮಂದಿಯೆಲ್ಲ ಸೇರಿದರೆ ಫಾಬಿಯೀ.

"ದಂಡು ನಡಸಿದ ಮಂದಿ, ಅಜ್ಜಪ್ಪ. ಕಾಳಿನ ಹೆಸರಂತ ಅವರು ನಾಚಲಿಲ್ಲ" ಎಂದರು ವಕೀಲರು.

ಅಜ್ಜಪ್ಪನ ಕಾಲು ನೆಲಕ್ಕೆ ಹತ್ತಲಿಲ್ಲ! ಬಸ್ಸಿನಲ್ಲಿ ಪಕ್ಕದವನಿಗೆ ಹೇಳಿದ, ಕಂಡಕ್ಟರಿಗೆ ಹೇಳಿದ, ಇಳಿದವನೇ ಅಂಗಡಿಗೆ ಓಡಿದ. ಅವ್ವ ಅವರೆಕಾಳು ಹಸನು ಮಾಡುತ್ತಿದ್ದಳು.

"ಬೇ ಯವ್ವ, ನೀ ಫಾಬಿಯಾ! ನಮ್ಮ ಹೆಸರು ರೋಮಿನ ಸರದಾರರ ಹೆಸರು. ಚಲೋ ಆತು, ತಗಸಲಿಲ್ಲ!"

ಮೊರ ನಿಂತಿತು.

"ತಗಸಾಕ ಹೋಗಿದ್ದೇನು?"

ಹುರುಪಿನಲ್ಲಿ ಅಜ್ಜಪ್ಪ ಗುಟ್ಟು ತಾನೇ ಉಗುಳಿಬಿಟ್ಟಿದ್ದ.

"ನಿಮ್ಮಪ್ಪ ಸಾಯೋತನಕ ಈ ಹೆಸರು ಹೇಳಿ ತಲಿ ಎತ್ತಿ ವ್ಯಾಪಾರ ಮಾಡಿದ. ಅದು ನಿನಗ ಸಾಲಲಿಲ್ಲ. ರೋಮಿನವರು ಬಂದು ಹೇಳಬೇಕಾತು" ಎಂದಳು ಮುದುಕವ್ವ.

ಅವನಿಗೆ ನಾಚಿಕೆಯಾಯಿತು. ಹೆಸರಿನದಲ್ಲ, ತನ್ನದೇ. ಮರುದಿನ ಬೋರ್ಡು ಬರೆಯುವ ಲಾಡಸಾಬನನ್ನು ತಾನೇ ಕರೆತಂದು, ಮೊದಲು ಅಪ್ಪನ ಹೆಸರು, ಅದರ ಮುಂದೆ ಅವರಿಕಾಳ ಎಂದು ಬರೆಯಲು ಹೇಳಿದ. ಮುದುಕವ್ವ ಇಡೀ ಹೊತ್ತು ಏಣಿ ಹಿಡಿದು ನಿಂತಿದ್ದಳು. ಕಡೆಗೆ ತಲೆ ಎತ್ತಿ ಅಂದಳು:

"ಅಕ್ಷರ ಇನ್ನಷ್ಟು ದೊಡ್ಡದು ಮಾಡೋ ಲಾಡಸಾಬ. ನಮ್ಮ ರೋಮಿನ ಬೀಗರು ಬಂದ್ರ ಅಂಗಡಿ ಗುರ್ತು ಸಿಗಬೇಕಲ್ಲ."