ಎದೆಗೂಡಿಗೆ ಡೆಪ್ಯುಟೇಷನ್ ಮೇಲೆ ಬಂದವರು

ಜ್ವರವೆಂದು ನಾನು ಬ್ಯಾಂಕಿಗೆ ಒಂದು ದಿನವೂ ರಜೆ ಹಾಕಿದವನಲ್ಲ. ಮೊನ್ನೆಮೊನ್ನೆಯವರೆಗೂ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ. ಈಗ ಮೆಲ್ಲಗೆ, ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ.

ನನ್ನ ಕೆಲಸ ವಿಜಯವಾಡದಲ್ಲಿ, ಮನೆ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ. ವರ್ಗವಾದಾಗ ನನ್ನ ಹೆಂಡತಿ, ಧಾರವಾಡದ ಸುಧಾ, "ಮತ್ತ ಮನಿ ಕೀಳೂದು ಬ್ಯಾಡ್ರಿ, ನೀವ ಬಂದು ಹೋಗ್ರಿ" ಅಂದಳು. ನಮ್ಮ ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಪಂಚಾಂಗದಲ್ಲಿಲ್ಲದ ಹಬ್ಬಗಳಿವು, ಒಂದನ್ನೂ ನಾನು ತಪ್ಪಿಸಿದವನಲ್ಲ.

ಕಳೆದ ತಿಂಗಳ ಎರಡನೇ ಶನಿವಾರದ ಮುನ್ನಾದಿನ ಮೈ ಕಾದ ಹೆಂಚಾಗಿತ್ತು, ಜೊತೆಗೆ ಕೆಮ್ಮು. ಆದರೆ ರಜೆಯ ಶನಿವಾರವನ್ನು ಬಿಡುವುದುಂಟೇ? ಮಾತ್ರೆ ನುಂಗಿ ರೈಲು ಹತ್ತಿದೆ. ಸೋಮವಾರ ನಾನು ಗೆಲುವಾಗಿ ವಿಜಯವಾಡಕ್ಕೆ ಮರಳಿದೆ. ಗುರುವಾರ ಸುಧಾ ಆಸ್ಪತ್ರೆ ಸೇರಿದಳು.

ಓಡಿಬಂದೆ, ಬರಿಗೈಯಲ್ಲಲ್ಲ. ಮನೆಯಲ್ಲಿ ಯಾರು ಸೀನಿದರೂ ಮೆಣಸು, ಶುಂಠಿ ಕುದಿಸಿ ಕುಡಿಸುವವನು ನಾನು. ಆ ಕಷಾಯದ ಫ್ಲಾಸ್ಕ್ ಎತ್ತಿ ತೋರಿಸಿ, "ಇವಳಿಗೆ ರೋಗನಿರೋಧಕ ಶಕ್ತಿ ಹೆಚ್ಚಿಸಬೇಕು ಡಾಕ್ಟರೇ" ಎಂದೆ.

"ಎಕ್ಕುವೇ ಅಯಿಂದಿ ಸಾರ್" ಎಂದರು ಡಾಕ್ಟರು ತೆಲುಗಿನಲ್ಲಿ. ಹೆಚ್ಚೇ ಆಗಿದೆಯಂತೆ!

ಎಕ್ಸ್‌ರೇ ತೋರಿಸಿ ಅವರು ಹೇಳಿದ್ದನ್ನು ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಧೂಳು, ಕ್ರಿಮಿಗಳನ್ನು ಸದ್ದಿಲ್ಲದೆ ನುಂಗುವ ಕಾವಲು ಕೋಶಗಳಿವೆ. ಅವರು ಕಾಯಂ ಸಿಬ್ಬಂದಿ. ಸುಧಾಳಿಗೆ ಬಂದಂಥ ಫ್ಲೂ ನುಗ್ಗಿದಾಗ ಅವರಲ್ಲಿ ಅನೇಕರು ಸಾಯುತ್ತಾರೆ. ಆಗ ರಕ್ತದಿಂದ ಹೊಸಬರು ದಂಡುಗಟ್ಟಿ ಬರುತ್ತಾರೆ, ಡೆಪ್ಯುಟೇಷನ್ ಮೇಲೆ. ಇವರದು ವಿಪರೀತ ಉತ್ಸಾಹ. ಕೆಲವೊಮ್ಮೆ ವೈರಸ್ಸಿನ ಜೊತೆಗೆ ಗಾಳಿಚೀಲವನ್ನೂ ಗಾಯಗೊಳಿಸುತ್ತಾರೆ, ಗಾಳಿಯಿರಬೇಕಾದಲ್ಲಿ ನೀರು ತುಂಬುತ್ತದೆ. ನನ್ನ ಸುಧಾಳ ಉಸಿರು ಕಟ್ಟಿಸುತ್ತಿರುವವರಲ್ಲಿ ಅವಳ ಸಹಾಯಕ್ಕೆ ಬಂದವರೂ ಇದ್ದಾರೆ!

"ಮೊದಲು ಜ್ವರ ಯಾರಿಗೆ ಬಂದಿತ್ತು?" ಡಾಕ್ಟರು ಕೇಳಿದರು. ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಕೊಂಡು ಮಲಗಿದ್ದ ಸುಧಾ ಬೆರಳು ತೋರಿಸಿದಳು. ನಾನು ಹಿಂತಿರುಗಿ ನೋಡಿದೆ, ಅಲ್ಲಿ ಗೋಡೆಯಿತ್ತು. ಅಷ್ಟು ಭಯ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಹತ್ತು ದಿನಕ್ಕೆ ಅವಳು ಮನೆಗೆ ಬಂದಳು. ಆ ಹೊಸ ಕೋಶಗಳಲ್ಲಿ ಕೆಲವರು ಶ್ವಾಸಕೋಶದಲ್ಲೇ ಉಳಿದು, ನಿಧಾನವಾಗಿ ಕಾಯಂ ಆಗುತ್ತಾರಂತೆ. ವರ್ಗಾವಣೆಯವನಾದ ನನಗೆ ಅವರ ಮೇಲೆ ಸಿಟ್ಟು ಉಳಿಯಲಿಲ್ಲ.

ಈ ತಿಂಗಳ ಎರಡನೇ ಶನಿವಾರದ ಹೊತ್ತಿಗೆ ನನಗೆ ಮತ್ತೆ ಗಂಟಲು ಕೆರೆತ. ಫೋನು ಮಾಡಿ, "ಬರೋದಿಲ್ಲ" ಎಂದೆ.

"ಈಗ ಖರೇ ಸಹಾಯ ಮಾಡಿದ್ರಿ ನೋಡ್ರಿ" ಅಂದಳು.

ರಜೆಯ ದಿನ ವಿಜಯವಾಡದ ಕೋಣೆಯಲ್ಲಿ ಒಬ್ಬನೇ ಕೂತು ಕಷಾಯ ಕುದಿಸಿದೆ. ಮೊದಲ ಬಾರಿಗೆ ನಾನೇ ಕುಡಿದೆ. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಇದನ್ನು ಅವಳು ಒಂದು ಮಾತೂ ಆಡದೆ ಕುಡಿದಿದ್ದಳು.