ದೊಡ್ಡಪ್ಪ ನಮ್ಮ ಮನೆಯಲ್ಲಿ ಉಣ್ಣುತ್ತಿರಲಿಲ್ಲ

ಚಿಕ್ಕಂದಿನಲ್ಲಿ ನನಗೊಂದು ಕೆಟ್ಟ ಚಾಳಿಯಿತ್ತು. ಯಾರೂ ಹೇಳಲು ಇಷ್ಟಪಡದ್ದನ್ನೇ ಹುಡುಕಿ ಕೇಳುವುದು. ಅಮ್ಮ ನನ್ನನ್ನು ಅಮಲ್ದಾರ ಎಂದೇ ಕರೆಯುತ್ತಿದ್ದಳು. ಅದು ಎಪ್ಪತ್ತರ ದಶಕದ ಮೊದಲ ಭಾಗ. ಅಜ್ಜಂಪುರದ ನಮ್ಮ ಮನೆಯಲ್ಲಿ ಈ ಅಮಲ್ದಾರಳಿಗೆ ಸಿಕ್ಕಿದ ದೊಡ್ಡ ತನಿಖೆಯೆಂದರೆ ದೊಡ್ಡಪ್ಪನ ಊಟ.

ದೊಡ್ಡಪ್ಪ ಅಪ್ಪನ ಅಣ್ಣ. ಬೀರೂರಿನಲ್ಲಿ ರೈಲ್ವೆ ಕೆಲಸ. ರಜೆ ಸಿಕ್ಕಿದ ಸೋಮವಾರ ರೈಲು ಹತ್ತಿ ಅಜ್ಜಿಯನ್ನು ನೋಡಲು ಬರುತ್ತಿದ್ದರು. ಅವಳ ಮಂಡಿಗೆ ಎಣ್ಣೆ ತಿಕ್ಕುವರು, ಬಾವಿಯ ರಾಟೆ ಸರಿಮಾಡುವರು, ನನ್ನ ಜಡೆ ಎಳೆದು ಗೋಳು ಹೊಯ್ದುಕೊಳ್ಳುವರು. ಎಲೆ ಹಾಕುವ ಹೊತ್ತಿಗೆ ಮಾತ್ರ, “ರೈಲಿಗೆ ಹೊತ್ತಾಯ್ತು ಕಣವ್ವ” ಎಂದು ಎದ್ದೇಬಿಡುವರು. ಅಜ್ಜಿಯನ್ನು ಕೇಳಿದರೆ ಹೋಗಿ ಹೂ ಬಿಡಿಸು ಅಂದಳು. ಅಪ್ಪನನ್ನು ಕೇಳಿದರೆ ಸೋಮವಾರದ ಉಪವಾಸ ಅಂದರು. ಅಮ್ಮನನ್ನು ಕೇಳಿದರೆ ಭಾವನಿಗೆ ಹೊಟ್ಟೆ ಸರಿಯಿಲ್ಲ ಅಂದಳು. ಉಪವಾಸ ಇರುವವರಿಗೆ ಹೊಟ್ಟೆ ಕೆಡುವುದು ಹೇಗೆ?

ಒಂದು ಸೋಮವಾರ ಅವರ ಹಿಂದೆಯೇ ಹೋದೆ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ದೊಡ್ಡಪ್ಪ ಬುತ್ತಿ ಬಿಚ್ಚಿಕೊಂಡು, ರೊಟ್ಟಿಗೆ ಹುಚ್ಚೆಳ್ಳಿನ ಚಟ್ನಿ ಹಚ್ಚಿ ಚೆನ್ನಾಗಿಯೇ ಬಾರಿಸುತ್ತಿದ್ದರು.

“ಸಿಕ್ಕಾಕ್ಕಂಡ್ರಿ!” ಅಂದೆ. ನಕ್ಕು ನನಗೂ ಅರ್ಧ ರೊಟ್ಟಿ ಮುರಿದುಕೊಟ್ಟರು. ನಾನು ಬಿಡಬೇಕಲ್ಲ? ಕೊನೆಗೆ ಹೇಳಿದರು.

ದೊಡ್ಡ ಯುದ್ಧದ ಕಾಲಕ್ಕೆ ಮೈಸೂರು ಪಲ್ಟನ್ನಿನ ಜೊತೆ ಸಿಂಗಪುರಕ್ಕೆ ಹೋಗಿ ಜಪಾನಿನವರ ಸೆರೆಯಾಳಾದರಂತೆ. ಅಲ್ಲಿ ಕಾವಲಿನವನೊಬ್ಬ ಬೆಳ್ಳಿಯ ಆಸೆಗೆ ಅವರ ಎದೆಯ ಮೇಲಿನ ಕರಡಿಗೆ ಕಿತ್ತುಕೊಂಡು, ಒಳಗಿದ್ದ ಇಷ್ಟಲಿಂಗವನ್ನು ಕೆಸರಿಗೆ ಎಸೆದ. ಹುಡುಕಲು ಬಗ್ಗಿದ್ದಕ್ಕೆ ಬೆನ್ನಿಗೆ ಹೊಡೆದ. ನಮ್ಮಲ್ಲಿ ಲಿಂಗ ಮೈಯಿಂದ ಅಗಲಿದರೆ ಪ್ರಾಣ ಅಗಲಿದ ಹಾಗೆ. ಲಿಂಗಪೂಜೆಯಿಲ್ಲದೆ ತುತ್ತು ಎತ್ತುವಂತಿಲ್ಲ.

“ಮತ್ತೆ ಪೂಜೆ?”

“ಬರೀ ಅಂಗೈಗೇ ಮಾಡ್ತಿದ್ದೆ, ಸೆರೆ ಬಿಡೋವರ್ಗೂ. ಶಿವ ಬ್ಯಾಡ ಅಂದನಾ?”

“ಆ ಕಾವಲಿನವನ ಮೇಲೆ ಸಿಟ್ಟಿಲ್ವಾ?”

“ಇತ್ತು. ಆಮೇಲೆ ಹೋಯ್ತು. ಅವ್ನೂ ಹಸ್ಕಂಡಿದ್ದ ಕಣೇ, ಬೆಳ್ಳಿ ಮಾರಿ ಏನಾರ ತಿಂದಿರ್ತಾನೆ. ಪೂಜೇಲಿ ಅವ್ನಿಗೂ ಒಳ್ಳೇದು ಮಾಡಪ್ಪ ಅಂತೀನಿ.”

ಆಮೇಲೆ ದನಿ ತಗ್ಗಿಸಿದರು. “ಊರಿಗೆ ಬಂದ್ಮೇಲೆ ಮಠದಾಗೆ ಹೊಸ ಲಿಂಗ ಕಟ್ಟಿದ್ರು. ಆದ್ರೂ ಅವ್ವ ನಂಗೆ ಕೊಟ್ಟಿಗೆ ಜಗಲೀಲಿ ಎಲೆ ಹಾಕಿದ್ಲು. ಲಿಂಗ ಇಲ್ದೆ ಏನೇನು ತಿಂದ್ಯೋ, ಒಳಗೆ ಬರ್ಬ್ಯಾಡ ಅಂದ್ಲು. ಅವತ್ತಿಂದ ಉಂಡಿಲ್ಲ.”

ನನಗೆ ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂತು. ಆದರೂ ಕುತೂಹಲ ಸುಮ್ಮನಿರಲಿಲ್ಲ. ಹೊಡೆದವನನ್ನೇ ಮನ್ನಿಸಿದವರಿಗೆ ಹೆತ್ತವಳನ್ನು ಮನ್ನಿಸಲು ಏನು ಕಷ್ಟ? ಅದನ್ನೂ ಕೇಳಿಬಿಟ್ಟೆ.

“ಅವ್ನ ಮುಖ ನಾನು ಮತ್ತೆ ನೋಡ್ಬೇಕಾಗಿಲ್ಲ. ಅವ್ವನ್ನ ನೋಡ್ತಾನೇ ಇರ್ಬೇಕಲ್ಲ” ಅಂದರು.

ನನ್ನ ಬಾಯಲ್ಲಿ ಮಾತು ನಿಲ್ಲುವುದುಂಟೇ? ಮನೆಗೆ ಬಂದವಳೇ ಅಷ್ಟನ್ನೂ ಅಜ್ಜಿಗೆ ಒಪ್ಪಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. “ಹೊಡ್ದೋನಿಗೂ ಒಳ್ಳೇದು ಬೇಡ್ತಾನಾ?” ಎಂದಷ್ಟೇ ಕೇಳಿ ಸೊಪ್ಪು ಬಿಡಿಸುತ್ತ ಕುಳಿತಳು.

ಮುಂದಿನ ಸಲ ದೊಡ್ಡಪ್ಪ ಬಂದ ದಿನ ಅಜ್ಜಿ ಕೊಟ್ಟಿಗೆಯ ಜಗಲಿ ಸಾರಿಸಿ, ಎದುರುಬದುರು ಎರಡು ಎಲೆ ಹಾಕಿದಳು. ಮುದ್ದೆಯ ಪಾತ್ರೆ ಪಕ್ಕದಲ್ಲಿಟ್ಟುಕೊಂಡು, ಮಡಿಸಲಾಗದ ಕಾಲು ಮಡಿಸಿ ಒಂದು ಎಲೆಯ ಮುಂದೆ ತಾನೇ ಕುಳಿತಳು. ಹೊರಡಲು ಚಪ್ಪಲಿ ಮೆಟ್ಟಿದ್ದ ದೊಡ್ಡಪ್ಪ ಹಾಗೇ ನಿಂತರು.

“ಏಳವ್ವ, ಅಲ್ಯಾಕೆ ಕುಂತೆ? ಒಳಗೋಗು.”

“ಇನ್ಮೇಲೆ ನಾನಿಲ್ಲೇ ಉಣ್ಣಾದು. ತಪ್ಪು ನಂದು ಕಣಪ್ಪ. ನೀನು ಕುಂತ್ರೂ ಸೈ, ಕೂರ್ದಿದ್ರೂ ಸೈ.”

ದೊಡ್ಡಪ್ಪ ಬೀದಿಯ ಕಡೆ ನೋಡಿದರು. ಹೊರಟೇಬಿಡುತ್ತಾರೆ ಎಂದು ನನಗೆ ಅಳು ಬಂತು. ಆಮೇಲೆ ಚಪ್ಪಲಿ ಬಿಟ್ಟು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದು, ಇನ್ನೊಂದು ಎಲೆಗೆ ಕುಳಿತರು. ಅಜ್ಜಿ ಮುದ್ದೆ ಕೈಗೆತ್ತಿಕೊಂಡಳು. ಆದರೆ ಬಡಿಸಲಿಲ್ಲ.

“ಮನ್ನಿಸ್ದೆ ಅಂತ ಒಂದ್ಮಾತು ಅಂದ್ಬಿಡು ಮಗ.”

“ಅದು ಬಾಯಿಗೆ ಬರಲ್ಲ ಕಣವ್ವ. ಉಣ್ಣಾಕೆ ಆಯ್ತದೆ. ಬಡ್ಸು.”